ಹೊಳ್ಳು

ವಾಸ್ಕೋ–ಪಣಜಿ ಬಸ್ಸಿನ ಕಂಡಕ್ಟರ್ ನಾನು.
ಕೊರಳಲ್ಲಿ ಸೀಟಿ ಒಂದೇ, ನೌಕರಿ ಎರಡು.
ಹಗಲೆಲ್ಲ ಒಂದು ಊದಿದರೆ ನಿಲ್ಲು,
ಎರಡು ಊದಿದರೆ ನಡೆ.
ಸಂಜೆ ಐದೂವರೆಗೆ ಜುವಾರಿನಗರದ ಗುಡ್ಡ ಹತ್ತಿದರೆ
ಅದೇ ಸೀಟಿಗೆ ಅರ್ಥ ಬೇರೆ.
ಒಂದಕ್ಕೆ ಚೆಂಡು ಹೋಯಿತು.
ಎರಡಕ್ಕೆ ಚೆಂಡು ಬಂತು.
ನಿಲ್ಲುವುದು ಎರಡರಲ್ಲೂ ಇಲ್ಲ.

ಮೈದಾನ ಅಂದರೆ ಮುರಕಲ್ಲಿನ ಕೆಂಪು ಬಯಲು,
ಬಿದ್ದವರು ಮೊಣಕಾಲಿನ ಚರ್ಮ ಅಲ್ಲೇ ಬಿಟ್ಟು ಏಳಬೇಕು.
ಒಂದು ಗೋಲಿಗೆ ಬಿದಿರು, ಇನ್ನೊಂದಕ್ಕೆ ಟೆಂಪೋದ ಹಳೇ ಟೈರು.
ದಾಬೋಳಿಗೆ ಇಳಿಯುವ ವಿಮಾನ ತಲೆ ಸವರಿ ಹೋಗುವಾಗ
ನನ್ನ ಕೂಗೂ ಕೇಳದು, ಸೀಟಿಯೂ ಕೇಳದು.
ಅದಕ್ಕೇ ಎಣಿಕೆ ಕಲಿಸಿದೆ, ಹಲ್ಲು ಕಚ್ಚಿ, ಒಳಗೊಳಗೇ.
ಕಳಕೊಂಡದ್ದು ಐದರೊಳಗೆ ಸಿಕ್ಕರೆ ನಮ್ಮದು.
ಆರಕ್ಕೆ ಅದು ಅವರ ಮನೆ ಸೇರಿ
ಚಪ್ಪಲಿ ಬಿಟ್ಟು ಕೂತಿರುತ್ತದೆ.

ಹುಡುಗರ ರೋಗ ನನಗೆ ಗೊತ್ತು.
ಚೆಂಡು ತಪ್ಪಿದ ಕೂಡಲೇ ಯಮನೂರನ ಎರಡೂ ಕೈ ತಲೆಯ ಮೇಲೆ,
ಸಾವಿನ ಮನೆಗೆ ತಡವಾಗಿ ಬಂದ ಬೀಗರ ಹಾಗೆ.
ದಾವಲ್‌ನದು ಬೇರೆ ರೋಗ.
ಕಸಕೊಂಡ ಚೆಂಡನ್ನು ಕಾಲಡಿ ಒತ್ತಿ ಹಿಡಿದು
ಸುತ್ತಲೂ ನೋಡುತ್ತಾನೆ, ಫೋಟೋದವರು ಬಂದರೇನೋ ಅಂತ.
ಕಾಯ್ತಾನ್ ನನ್ನ ಮುಖ ನೋಡುತ್ತಾನೆ.
ನನ್ನ ಮುಖದಾಗ ಚೆಂಡು ಐತೇನೋ ತಮ್ಮಾ?

ತರಬೇತಿಯ ಪುಸ್ತಕದಲ್ಲಿ ಇದಕ್ಕೊಂದು ಉದ್ದದ ಹೆಸರಿದೆ.
ಕೊಂಕಣಿಯಲ್ಲಿ ಹೇಳಿದೆ. ಹಿಂದಿಯಲ್ಲಿ ಹೇಳಿದೆ.
ಮಣ್ಣಿನ ಮೇಲೆ ಬಾಣದ ಗುರುತು ಬರೆದೆ, ಗಾಳಿ ಅಳಿಸಿತು.
ಒಂದು ಸಂಜೆ ಸಿಟ್ಟಿನಲ್ಲಿ ಬಾಯಿಂದ ಬಿದ್ದದ್ದು
ನಮ್ಮವ್ವ ಎಮ್ಮೆಗೆ ಅನ್ನುತ್ತಿದ್ದ ಮಾತು:
"ಹೊಳ್ಳೋ!"
ಹನ್ನೊಂದೂ ಮಂದಿ ಹೊಳ್ಳಿದರು.
ಕಾಯ್ತಾನ್ ಕೂಡ. ಅವನ ಮನೆಯಲ್ಲಿ
ಎಮ್ಮೆಯೂ ಇಲ್ಲ, ಕನ್ನಡವೂ ಇಲ್ಲ.

ಹುಲಿಗೆವ್ವನಿಗೆ ನಾನು ಏನೂ ಕಲಿಸಿದ್ದಿಲ್ಲ.
ಸೊಂಟದ ಮೇಲೆ ತಮ್ಮ, ನಲ್ಲಿಯ ಸಾಲಿನಲ್ಲಿ ಕೊಡ,
ಯಾರೋ ಕೊಡವನ್ನು ಕಾಲಿನಿಂದ ಸರಿಸಿದರೆ
ತಮ್ಮನನ್ನು ಇಳಿಸಿ, ಕೊಡವನ್ನು ಮುಂದಿಟ್ಟು,
ಮತ್ತೆ ತಮ್ಮನನ್ನು ಎತ್ತಿಕೊಳ್ಳುವುದಕ್ಕೆ
ಅವಳಿಗೆ ಐದು ಬೇಕಿಲ್ಲ. ಮೂರು ಸಾಕು.

ಭಾನುವಾರ ಚಿಖಲಿಯಲ್ಲಿ ಪಂದ್ಯ.
ಅವರದು ಹುಲ್ಲಿನ ಮೈದಾನ, ಒಂದೇ ಬಣ್ಣದ ಸಾಕ್ಸು.
ಎರಡು–ಎರಡು. ನಾಲ್ಕು ನಿಮಿಷ ಬಾಕಿ.
ಅವರ ಗೋಲಿನ ಮುಂದೆ ಯಮನೂರ ಮುಗ್ಗರಿಸಿದ,
ಚೆಂಡು ಹೋಯಿತು.
"ಅಯ್ಯೋ" ಅಂದವನು ನಾನು.
ತಲೆಯ ಮೇಲೆ ಕೈ ಹೊತ್ತವನು ನಾನು.
ಒಳಗಿಂದ ಯಾರೋ ಕೂಗಿದರು, ಹೊಳ್ಳೋ.
ಬಿದ್ದವನು ಮಂಡಿಯಲ್ಲೇ ತಿರುಗಿ ಓಡಿದ್ದ. ಒಂದು. ಎರಡು.
ಹುಲಿಗೆವ್ವ ಕಾಲು ಒಡ್ಡಿದಳು. ಮೂರು.
ದಾವಲ್ ಸುತ್ತಲೂ ನೋಡಲಿಲ್ಲ,
ಬಂದ ಚೆಂಡನ್ನು ಬಂದ ಹಾಗೇ ಮುಂದಕ್ಕೆ ಕಳಿಸಿದ,
ಕಾಯ್ತಾನ್ ಒದ್ದ,
ಕಂಬಕ್ಕೆ ಬಡಿದ ಸದ್ದು
ಇನ್ನೂ ನನ್ನ ಹಲ್ಲಿನಲ್ಲಿದೆ.

ಹೊರಗೆ ಹೋಯಿತು. ನಾನು ಅಳಬೇಕೋ ಬೈಯಬೇಕೋ
ತಿಳಿಯುವುದರೊಳಗೆ ಅವರೆಲ್ಲ ನಮ್ಮ ಗೋಲಿನತ್ತ
ಅರ್ಧ ದಾರಿ ಮುಟ್ಟಿದ್ದರು.
ಗೆರೆಯ ಪಕ್ಕ ಹಾಯುತ್ತ ಹುಲಿಗೆವ್ವ,
ನನ್ನ ಕಡೆ ನೋಡದೆಯೇ,
"ಸರ, ಕೈ ಇಳಸ್ರಿ."

ಸೋಮವಾರ ಬೆಳಿಗ್ಗೆ ಬಿರ್ಲಾ ಸ್ಟಾಪಿನಲ್ಲಿ ಒಂದು ಊದಿದೆ.
ಪಾಟೀಚೀಲ ಹೊತ್ತು ಕಾಯುತ್ತಿದ್ದ ಯಮನೂರ
ಬಸ್ಸು ಹತ್ತುವುದು ಬಿಟ್ಟು
ಬಂದ ದಾರಿಗೇ ಹೊಳ್ಳಿ ಓಡಿದ, ನಾಲ್ಕು ಹೆಜ್ಜೆ.
ಮೀನಿನ ಬುಟ್ಟಿಯವಳು ಬೆರಗಾಗಿ ಬಾಯಿ ತೆರೆದಳು.
ಡ್ರೈವರ್ ಸಾಂತಾನ್ ಕನ್ನಡಿಯಲ್ಲಿ ನನ್ನ ನೋಡಿದ,
ಆ ಹುಡುಗನಿಗೆ ಏನಾಯಿತು?

ಏನು ಹೇಳಲಿ.
ಎರಡು ಊದಿದೆ.
ಬಸ್ಸೂ ಹೊರಟಿತು,
ಅವನೂ ಬಂದ.